ದುಡಿಯುವ ಮಕ್ಕಳೂ ಮನೆಯ ವೆಚ್ಚವೂ: ಇಂಗ್ಲೆಂಡಿನ ಶ್ರಮಿಕ ಕುಟುಂಬಗಳಲ್ಲಿ ‘ಬೋರ್ಡ್’ ಹಣದ ನಿರ್ಣಯ

ಪ್ರಾಪ್ತವಯಸ್ಕರಾಗಿ ಸ್ವಂತ ಸಂಪಾದನೆಯನ್ನು ಹೊಂದಿದ ಮೇಲೆಯೂ ತಂದೆತಾಯಿಗಳ ಮನೆಯಲ್ಲಿಯೇ ಉಂಡು ಮಲಗುವ ಮಕ್ಕಳಿಂದ ಸಂಸಾರದ ವೆಚ್ಚಕ್ಕಾಗಿ ಎಷ್ಟು ಹಣವನ್ನು ತೆಗೆದುಕೊಳ್ಳತಕ್ಕುದೆಂಬ ಪ್ರಶ್ನೆಯು ಮೇಲ್ನೋಟಕ್ಕೆ ಗೃಹಕೃತ್ಯದ ಅಲ್ಪವಿಷಯವೆಂದು ತೋರಿದರೂ, ಸ್ವತ್ತು, ಅಧಿಕಾರ, ವಾತ್ಸಲ್ಯ ಈ ಮೂರೂ ಅದರಲ್ಲಿ ಹೆಣೆದುಕೊಂಡಿರುವುದರಿಂದ ಸಮಾಜೇತಿಹಾಸದ ವಿದ್ಯಾರ್ಥಿಗೆ ಅದು ಗಂಭೀರವಾದ ವಿಚಾರವೇ ಸರಿ. ಕೂಲಿಯೂ ಮನೆಬಾಡಿಗೆಯೂ ವಾರದ ಲೆಕ್ಕದಲ್ಲಿಯೇ ನಡೆಯುತ್ತಿದ್ದ ಉತ್ತರ ಇಂಗ್ಲೆಂಡಿನ ಗಿರಣಿ ಪಟ್ಟಣಗಳಲ್ಲಿ ಈ ಪ್ರಶ್ನೆಗೆ ವಾರವಾರವೂ ಉತ್ತರ ಹೇಳಬೇಕಾಗಿದ್ದಿತು. ಆ ಉತ್ತರಗಳು ಒಂದು ಶತಮಾನದ ಅವಧಿಯಲ್ಲಿ ಹೇಗೆ ಮಾರ್ಪಟ್ಟುವೆಂಬುದನ್ನು ಪರಿಶೀಲಿಸಿ, ಇಂತಹ ಮೊಬಲಗಿನ ನ್ಯಾಯಾನ್ಯಾಯಗಳನ್ನು ಅಳೆಯಲು ಮಕ್ಕಳು ಕೊಟ್ಟ ಹಣಕ್ಕಿಂತ, ಕೊಟ್ಟ ಮೇಲೆ ಅವರ ಕೈಯಲ್ಲಿ ಉಳಿದ ಹಣವೇ ಹೆಚ್ಚು ಯುಕ್ತವಾದ ಮಾನದಂಡವೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮಕ್ಕಳ ಕೂಲಿಯ ಮೇಲೆ ಮನೆಯು ಅಷ್ಟೊಂದು ಹಕ್ಕನ್ನು ಸಾಧಿಸುತ್ತಿದ್ದುದೇಕೆಂಬುದಕ್ಕೆ ಸೀಬೋಮ್ ರೌಂಟ್ರಿಯವರು 1899ರಲ್ಲಿ ಯಾರ್ಕ್ ನಗರದಲ್ಲಿ ನಡೆಸಿ 1901ರಲ್ಲಿ ಪ್ರಕಟಿಸಿದ ಸಮೀಕ್ಷೆಯು ವಿಶದವಾದ ಉತ್ತರವನ್ನು ಕೊಡುತ್ತದೆ. ಗಂಡ, ಹೆಂಡತಿ, ಮೂವರು ಮಕ್ಕಳಿರುವ ಸಂಸಾರವು ದೇಹಧಾರಣೆಯನ್ನಷ್ಟೇ ಮಾಡಿಕೊಂಡಿರಲು ವಾರಕ್ಕೆ 21 ಶಿಲ್ಲಿಂಗ್ 8 ಪೆನ್ಸ್ ಬೇಕೆಂದು ಲೆಕ್ಕಹಾಕಿದ ಅವರು, ಶ್ರಮಿಕನ ಬಾಳಿನಲ್ಲಿ ಅಭಾವವೂ ತಕ್ಕಮಟ್ಟಿನ ನೆಮ್ಮದಿಯೂ ಪರ್ಯಾಯವಾಗಿ ಬರುವುದನ್ನು ಕಂಡುಕೊಂಡರು: ಬಾಲ್ಯದಲ್ಲಿ ಅಭಾವ, ಕೂಲಿಗೆ ಸೇರಿದ ಯೌವನದಲ್ಲಿ ನೆಮ್ಮದಿ, ಮಕ್ಕಳಾದ ಮೇಲೆ ಪುನಃ ಅಭಾವ, ಆ ಮಕ್ಕಳು ಸಂಪಾದಿಸತೊಡಗಿದ ಮೇಲೆ ಪುನಃ ನೆಮ್ಮದಿ, ಅವರು ಮದುವೆಯಾಗಿ ಹೊರಟುಹೋಗಿ ತಾನು ಮುದುಕನಾದ ಮೇಲೆ ಕಡೆಯ ಅಭಾವ. ಮಕ್ಕಳ ಮೊದಲ ಸಂಬಳಕ್ಕೂ ಅವರ ಮದುವೆಗೂ ನಡುವಣ ಆ ಕೆಲವೇ ವರ್ಷಗಳಲ್ಲಿ ಸಾಲವನ್ನು ತೀರಿಸಿ, ಹಾಸಿಗೆ ಹೊದಿಕೆಗಳನ್ನು ಒದಗಿಸಿಕೊಂಡು, ಮುಂದಿನ ಕಷ್ಟಕಾಲಕ್ಕೆ ನಾಲ್ಕು ಕಾಸನ್ನು ಕೂಡಿಡಬೇಕಾಗಿದ್ದ ತಾಯಿಯು ಮಗನ ಕೂಲಿಗೆ ಕೈನೀಡಿದುದನ್ನು ಲೋಭವೆಂದು ತಿಳಿಯುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಬ್ಯಾರೋ, ಲ್ಯಾಂಕಾಸ್ಟರ್, ಪ್ರೆಸ್ಟನ್ ಪಟ್ಟಣಗಳ ವೃದ್ಧರ ಬಾಯಿಂದ ಹಿಂದಿನ ಸಂಗತಿಗಳನ್ನು ಸಂಗ್ರಹಿಸಿ ಎಲಿಜಬೆತ್ ರಾಬರ್ಟ್ಸ್ ಅವರು 1984ರಲ್ಲಿ ಪ್ರಕಟಿಸಿದ ಗ್ರಂಥವು, ‘ಟಿಪ್ಪಿಂಗ್ ಅಪ್’ ಎಂದು ಜನರು ಕರೆಯುತ್ತಿದ್ದ ಪದ್ಧತಿಯನ್ನು ನಮ್ಮ ಕಣ್ಣಮುಂದೆ ನಿಲ್ಲಿಸುತ್ತದೆ. ಶಾಲೆಯನ್ನು ಬಿಟ್ಟು ಗಿರಣಿಗೆ ಸೇರಿದ ಹುಡುಗನಾಗಲಿ ಹುಡುಗಿಯಾಗಲಿ ಸಂಬಳದ ಪೊಟ್ಟಣವನ್ನು ಒಡೆಯದೆ ತಂದು ತಾಯಿಯ ಕೈಗೆ ಒಪ್ಪಿಸಬೇಕು. ಅವಳು ಅದರಿಂದ ಕೈಖರ್ಚಿಗೆಂದು ಅಷ್ಟಿಷ್ಟನ್ನು ಹಿಂದಿರುಗಿಸುತ್ತಾಳೆ. ಶಿಲ್ಲಿಂಗಿಗೆ ಒಂದು ಪೆನ್ನಿಯೆಂಬುದು ಅನೇಕ ಮನೆಗಳಲ್ಲಿ ರೂಢಿಯಾಗಿದ್ದ ಪ್ರಮಾಣವಾದುದರಿಂದ, ವಾರಕ್ಕೆ 12 ಶಿಲ್ಲಿಂಗ್ ದುಡಿದ ಹುಡುಗಿಗೆ ದಕ್ಕುತ್ತಿದ್ದುದು ಒಂದೇ ಶಿಲ್ಲಿಂಗ್. ಆದರೆ ಅವಳ ಉಡುಪು, ಪಾದರಕ್ಷೆ, ಔಷಧೋಪಚಾರಗಳೆಲ್ಲವೂ ತಾಯಿಯ ಹೊಣೆಯಾಗಿದ್ದುವೆಂಬುದನ್ನು ಮರೆಯಲಾಗದು. ಮಗಳಾದವಳು ಗಿರಣಿಯ ದುಡಿಮೆಯ ಮೇಲೆ ಬಟ್ಟೆ ಒಗೆಯುವುದನ್ನೂ ತಮ್ಮ ತಂಗಿಯರ ಪಾಲನೆಯನ್ನೂ ವಹಿಸಿಕೊಳ್ಳುತ್ತಿದ್ದುದು ಸಾಮಾನ್ಯವಾದುದರಿಂದ, ಅವಳ ಕಾಣಿಕೆಯು ಸೋದರನ ಕಾಣಿಕೆಗಿಂತ ಬಹಳ ದೊಡ್ಡದಾಗಿದ್ದಿತು. ಆ ಹೆಚ್ಚಳವನ್ನು ಯಾವ ಲೆಕ್ಕದ ಪುಸ್ತಕವೂ ಬರೆದಿಡಲಿಲ್ಲ.

ವಯಸ್ಸು ಇಪ್ಪತ್ತರ ಸಮೀಪಕ್ಕೆ ಬಂದಾಗಲೋ ಮದುವೆಯ ನಿಶ್ಚಯವಾದಾಗಲೋ ಈ ಪದ್ಧತಿ ಬದಲಾಗುತ್ತಿದ್ದಿತು. ಅಂದಿನಿಂದ ಮಗನು ಊಟ ವಸತಿಗಳಿಗೆಂದು ಗೊತ್ತಾದ ಒಂದು ಮೊಬಲಗನ್ನು, ಅಂದರೆ ‘ಬೋರ್ಡ್’ ಹಣವನ್ನು, ತಾಯಿಗೆ ಕೊಟ್ಟು ಮಿಕ್ಕುದನ್ನು ತಾನೇ ಇಟ್ಟುಕೊಳ್ಳುವನು. ಉಡುಪು ಮೊದಲಾದ ಖರ್ಚುಗಳು ಇನ್ನು ಅವನವೇ. ಮೇಲ್ನೋಟಕ್ಕೆ ಅಲ್ಪವಾಗಿ ಕಾಣುವ ಈ ಮಾರ್ಪಾಡಿನಲ್ಲಿ ಒಂದು ಮಹತ್ತ್ವದ ಹಸ್ತಾಂತರವು ಅಡಗಿದೆ. ಮೊದಲಿನ ಕ್ರಮದಲ್ಲಿ ತಾಯಿಯು ನಿರ್ಣಯಿಸುತ್ತಿದ್ದುದು ಮಗನಿಗೆ ಎಷ್ಟನ್ನು ಬಿಡಬೇಕೆಂಬುದನ್ನು; ಎರಡನೆಯದರಲ್ಲಿ ಇಬ್ಬರೂ ಕೂಡಿ ನಿರ್ಣಯಿಸಿದುದು ಮನೆಗೆ ಎಷ್ಟು ಸಲ್ಲಬೇಕೆಂಬುದನ್ನು. ಹೆಚ್ಚುವೇಳೆಯ ದುಡಿಮೆಯ ಲಾಭವು ಈಗ ಮಗನದು. ಗಿರಣಿಯು ಕೆಲಸದ ದಿನಗಳನ್ನು ಕಡಿಮೆಮಾಡಿದರೆ ಒದಗುವ ನಷ್ಟವೂ ಅವನದೇ. ಲಾಭನಷ್ಟಗಳೆರಡನ್ನೂ ತಾನೇ ಹೊರುವವನು ಬಾಲಕನಲ್ಲವಾದಕಾರಣ, ಕಾನೂನು 21ನೆಯ ವಯಸ್ಸಿಗೆ ವಿಧಿಸಿದ್ದ ಪ್ರಾಪ್ತವ್ಯವಹಾರತ್ವವನ್ನು ಶ್ರಮಿಕರ ಮನೆಯು ಬೋರ್ಡಿನ ಮೂಲಕ ತನ್ನದೇ ರೀತಿಯಲ್ಲಿ ಪ್ರದಾನ ಮಾಡುತ್ತಿದ್ದಿತೆನ್ನಬಹುದು.

ಮನೆಯೊಳಗಿನ ಈ ಸೂಕ್ಷ್ಮವಾದ ಏರ್ಪಾಟಿನಲ್ಲಿ ರಾಜ್ಯವು 1931ರಲ್ಲಿ ಕೈಯಿಕ್ಕಿತು. ಆರ್ಥಿಕ ದುಸ್ಥಿತಿಯ ನಡುವೆ ಅಧಿಕಾರಕ್ಕೆ ಬಂದ ರಾಷ್ಟ್ರೀಯ ಸರ್ಕಾರವು ವಯಸ್ಕ ಪುರುಷನ ನಿರುದ್ಯೋಗ ಭತ್ಯೆಯನ್ನು ವಾರಕ್ಕೆ 17 ಶಿಲ್ಲಿಂಗಿನಿಂದ 15 ಶಿಲ್ಲಿಂಗ್ 3 ಪೆನ್ಸಿಗೆ ಇಳಿಸಿತಲ್ಲದೆ, ವಿಮೆಯ ಭತ್ಯೆಯನ್ನು 26 ವಾರ ಪಡೆದು ಮುಗಿಸಿದವರು ಮುಂದಿನ ನೆರವನ್ನು ಕೋರಿದಲ್ಲಿ, ಮನೆಯಲ್ಲಿರುವ ಸಮಸ್ತರ ವರಮಾನವನ್ನೂ ಸ್ಥಳೀಯ ಸಮಿತಿಯು ಪರೀಕ್ಷಿಸತಕ್ಕುದೆಂದು ವಿಧಿಸಿತು. ಇದರ ಪರಿಣಾಮವಾಗಿ, ಕೆಲಸ ಕಳೆದುಕೊಂಡ ತಂದೆಯ ಭತ್ಯೆಯು ಮಗಳ ಸಂಬಳಕ್ಕೆ ಅನುಗುಣವಾಗಿ ಕುಗ್ಗಿತು. ಅವಳು ಕೊಡಬೇಕಾದುದನ್ನು ತಾಯಿಯ ಬದಲು ಅಧಿಕಾರಿಯು ಗೊತ್ತುಮಾಡಿದಂತಾಯಿತು. ಅಷ್ಟನ್ನು ಅವಳು ನಿಜವಾಗಿ ಕೊಡುತ್ತಿರುವಳೇ, ಕೊಡಬಲ್ಲಳೇ ಎಂಬ ವಿಚಾರವು ಹಿಂದೆ ಬಿದ್ದಿತು. ಮನೆಯನ್ನು ಬಿಟ್ಟು ಬೇರೆಡೆ ಬಿಡಾರ ಹೂಡಿದ ಮಗನ ಕೂಲಿಯು ಲೆಕ್ಕಕ್ಕೆ ಬಾರದಿದ್ದುದರಿಂದ, ಹೆತ್ತವರ ಹಿತಕ್ಕಾಗಿಯೇ ಅವರನ್ನು ತ್ಯಜಿಸಬೇಕಾದ ವಿಪರೀತವು ಒದಗಿತು. 1937ರಲ್ಲಿ ಪ್ರಕಟವಾದ ತಮ್ಮ ‘ದಿ ರೋಡ್ ಟು ವಿಗನ್ ಪಿಯರ್’ ಗ್ರಂಥದಲ್ಲಿ ಜಾರ್ಜ್ ಆರ್ವೆಲ್ ಅವರು ಈ ಪರೀಕ್ಷೆಯ ಅತ್ಯಂತ ಕ್ರೂರವಾದ ಫಲವೆಂದು ನಿರೂಪಿಸಿದುದು ಕುಟುಂಬಗಳ ಈ ವಿಘಟನೆಯನ್ನೇ. 1935ರ ಆದಿಯಲ್ಲಿ ನಿರುದ್ಯೋಗಿಗಳ ನೆರವಿನ ಹೊಸ ದರಗಳು ಜಾರಿಗೆ ಬಂದಾಗ ದಕ್ಷಿಣ ವೇಲ್ಸಿನಲ್ಲಿ ಜನಸಮೂಹವು ಬೀದಿಗಿಳಿದು ಪ್ರತಿಭಟಿಸಿ, ಸರ್ಕಾರವನ್ನು ಹಿಂದೆಗೆಯುವಂತೆ ಮಾಡಿತು. 1941ರ ಶಾಸನವು ಕುಟುಂಬದ ಪರೀಕ್ಷೆಯನ್ನು ತೆಗೆದುಹಾಕಿತು.

ಇದೇ ಕಾಲದಲ್ಲಿ ಅದೇ ಸಾಮ್ರಾಜ್ಯದ ಭಾರತ ಭಾಗದಲ್ಲಿ ಶಾಸನವು ವಿರುದ್ಧ ದಿಕ್ಕಿನಲ್ಲಿ ನಡೆದುದು ಗಮನಾರ್ಹವಾಗಿದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ವಿದ್ಯೆಯಿಂದ ಗಳಿಸಿದುದನ್ನು ಪಿತೃದ್ರವ್ಯಕ್ಕೆ ಹಾನಿಯಾಗದಿದ್ದಲ್ಲಿ ಮಾತ್ರ ಗಳಿಸಿದವನ ಪ್ರತ್ಯೇಕ ಸ್ವತ್ತೆಂದು ಎಣಿಸಿದ್ದನು. ಈ ತತ್ತ್ವವನ್ನು ಆಧರಿಸಿ, ಮನೆತನದ ಹಣದಿಂದ ವಿಶೇಷ ಶಿಕ್ಷಣ ಪಡೆದ ಒಬ್ಬ ಉನ್ನತಾಧಿಕಾರಿಯ ಗಳಿಕೆಯು ಅವಿಭಕ್ತ ಕುಟುಂಬಕ್ಕೆ ಸೇರಿದುದೆಂದು ಪ್ರಿವಿ ಕೌನ್ಸಿಲ್ 1921ರಲ್ಲಿ ತೀರ್ಮಾನಿಸಿತು. ಎಂ. ಆರ್. ಜಯಕರ್ ಅವರ ಪ್ರಯತ್ನದಿಂದ ಬಂದ 1930ರ ಹಿಂದೂ ವಿದ್ಯಾರ್ಜಿತ ಸ್ವತ್ತಿನ ಶಾಸನವು ಅಂತಹ ಗಳಿಕೆಯನ್ನು ಕುಟುಂಬದ ಹಕ್ಕಿನಿಂದ ಬಿಡಿಸಿತು. ಇಲ್ಲಿ ಮಗನ ಗಳಿಕೆ ಅವನದೆಂದು ಕಾನೂನು ಸಾರಿದ ಮರುವರ್ಷವೇ ಅಲ್ಲಿ ಬಡವನ ಮಗಳ ಗಳಿಕೆಯನ್ನು ಮನೆಯದೆಂದು ಎಣಿಸಲಾಯಿತು; ವಿದ್ಯಾವಂತನಿಗೆ ದೊರೆತ ಸ್ವಾತಂತ್ರ್ಯವು ಶ್ರಮಿಕಳಿಗೆ ದೊರೆಯಲಿಲ್ಲವೆಂಬುದು ಎರಡನ್ನೂ ಕೂಡಿಸಿ ನೋಡಿದವರಿಗೆ ವ್ಯಕ್ತವಾಗದಿರದು.

ರಾಜ್ಯವು ಹೀಗೆ ಅತಿಯಾಗಿ ಪ್ರವೇಶಿಸಿದರೆ ನ್ಯಾಯಾಲಯಗಳು ದೂರವೇ ನಿಂತುವು. ಬಾಲ್ಫರ್ ದಂಪತಿಗಳ 1919ರ ಮೊಕದ್ದಮೆಯಲ್ಲಿ ಗೃಹಾಂತರ್ಗತವಾದ ಮಾತುಕತೆಗಳು ಸಾಮಾನ್ಯವಾಗಿ ಕಾನೂನಿನ ಕರಾರುಗಳಲ್ಲವೆಂದು ತೀರ್ಮಾನವಾಯಿತು. ತಾಯಿ ಮಗಳ ನಡುವೆ ವಿದ್ಯಾಭ್ಯಾಸದ ಮಾಸಾಶನದ ಬಗೆಗೂ ವಾಸದ ಮನೆಯ ಬಗೆಗೂ ಎದ್ದ ವಿವಾದದಲ್ಲಿ 1968ರಲ್ಲಿ ಅದೇ ನಿಲುವು ದೃಢಪಟ್ಟಿತು. ಆದುದರಿಂದ ಬೋರ್ಡಿನ ಮೊಬಲಗನ್ನು ಮನೆಯವರೇ ಕುಳಿತು ನಿಶ್ಚಯಿಸಬೇಕಾಗಿದೆ.

ಈ ನಿಶ್ಚಯದ ಅವಶ್ಯಕತೆಯು ಇಂದು ತಗ್ಗಿಲ್ಲ. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 49 ಲಕ್ಷ ವಯಸ್ಕ ಮಕ್ಕಳು ಹೆತ್ತವರೊಡನೆ ವಾಸವಾಗಿದ್ದರು. ಹತ್ತು ವರ್ಷ ಹಿಂದೆ ಆ ಸಂಖ್ಯೆ ಸುಮಾರು 42 ಲಕ್ಷ. ವಸತಿಯ ನೆರವನ್ನು ಪಡೆಯುವ ಬಡ ಮನೆಗಳಲ್ಲಿ, ಜೊತೆಗಿರುವ ವಯಸ್ಕ ಮಕ್ಕಳು ಏನನ್ನಾದರೂ ಕೊಡುವರೆಂದು ಊಹಿಸಿ ಆ ನೆರವಿನಲ್ಲಿ ಕಡಿತ ಮಾಡುವ ನಿಯಮವು ಇಂದಿಗೂ ಉಳಿದಿದ್ದು, ಅಂತಹ ಕಡೆ ತಾಯಿಯು ಕೇಳುವ ಹಣವು ಸರ್ಕಾರವು ಮೊದಲೇ ಕಡಿತಮಾಡಿದುದರ ಭರ್ತಿಯಷ್ಟೇ ಆಗಿರಬಹುದು.

ಪೂರ್ವೋಕ್ತ ಇತಿಹಾಸದಿಂದ ಮೂರು ಸೂತ್ರಗಳನ್ನು ಗ್ರಹಿಸಬಹುದೆಂದು ನನ್ನ ಅಭಿಪ್ರಾಯ. ಮಗನು ಮನೆಯಲ್ಲಿರುವುದರಿಂದ ಅಧಿಕವಾಗುವ ವೆಚ್ಚವೂ ಹಾಗೆ ಕಡಿತವಾದ ನೆರವೂ ಬೋರ್ಡಿನ ಕನಿಷ್ಠ ಮಿತಿಯಾಗತಕ್ಕುದು. ಮನೆಗೆಲಸದಲ್ಲಿಯೂ ರೋಗಿಗಳ ಶುಶ್ರೂಷೆಯಲ್ಲಿಯೂ ವೆಚ್ಚವಾದ ಶ್ರಮವನ್ನು ಹಣದಷ್ಟೇ ಗೌರವದಿಂದ ಲೆಕ್ಕಕ್ಕೆ ಹಿಡಿದು, ಮಗಳು ಎರಡು ಬಾರಿ ತೆರುವ ಹಳೆಯ ಅನ್ಯಾಯವನ್ನು ನಿಲ್ಲಿಸತಕ್ಕುದು. ಇದಕ್ಕಿಂತ ಮೇಲೆ ಎಷ್ಟೇ ಕೇಳಿದರೂ, ಮಕ್ಕಳು ಮುಂದೊಂದು ದಿನ ಸ್ವಂತ ಸಂಸಾರವನ್ನು ಹೂಡಲು ಅವಶ್ಯವಾದ ಸಂಚಯಕ್ಕೆ ಭಂಗ ಬಾರದಷ್ಟು ಉಳಿಯುವಂತೆ ನೋಡಿಕೊಳ್ಳತಕ್ಕುದು. ಹೆತ್ತವರು ನಿರ್ಗತಿಕರಾದರೆ ಈ ಕಡೆಯ ಸೂತ್ರವು ಸಡಿಲವಾದೀತು. ಅಂತಹ ಸಂದರ್ಭದಲ್ಲಿ ಮಕ್ಕಳ ಮೇಲೆ ಬೀಳುವ ಭಾರವನ್ನು ಇಳಿಸಬೇಕಾದುದು ಸಮಾಜದ ಕರ್ತವ್ಯ. 1931ರಲ್ಲಿ ರಾಜ್ಯವು ತಲೆಕೆಳಗು ಮಾಡಿದುದು ಈ ಕರ್ತವ್ಯವನ್ನೇ. ಮಕ್ಕಳು ಕೊಡುವರೆಂಬ ಊಹೆಯಿಂದ ತಾನು ಕೊಡಬೇಕಾದುದನ್ನು ತಪ್ಪಿಸಿಕೊಳ್ಳುವ ನೀತಿಯು ಯಾವ ಕಾಲದಲ್ಲಿಯೂ ಮಿತವ್ಯಯವೆನಿಸಿಕೊಳ್ಳಲಾರದು.