ಕ್ಯಾಥರೀನ್ ಹೆಪ್‌ಬರ್ನ್ ಮತ್ತು ಬೇಬ್ ಜಹರಿಯಾಸ್

ಕ್ಯಾಥರೀನ್ ಹೆಪ್‌ಬರ್ನ್ (ಮೇ 12, 1907 – ಜೂನ್ 29, 2003) ಅಮೆರಿಕದ ಖ್ಯಾತ ಚಲನಚಿತ್ರ ಹಾಗೂ ರಂಗಭೂಮಿ ನಟಿ. ಬೇಬ್ ಡಿಡ್ರಿಕ್‌ಸನ್ ಜಹರಿಯಾಸ್ (ಜೂನ್ 26, 1911 – ಸೆಪ್ಟೆಂಬರ್ 27, 1956) ಅದೇ ದೇಶದ ಒಲಿಂಪಿಕ್ ಕ್ರೀಡಾಪಟು ಹಾಗೂ ವೃತ್ತಿಪರ ಗಾಲ್ಫ್ ಆಟಗಾರ್ತಿ. 1952ರಲ್ಲಿ ತೆರೆಕಂಡ 'ಪ್ಯಾಟ್ ಆ್ಯಂಡ್ ಮೈಕ್' ಚಲನಚಿತ್ರದಲ್ಲಿ ಇವರಿಬ್ಬರೂ ಒಟ್ಟಿಗೆ ಕಾಣಿಸಿಕೊಂಡಿದ್ದಾರೆ. ಇಬ್ಬರೂ 1932ರಲ್ಲಿ ದೇಶದ ಗಮನ ಸೆಳೆದವರು. ವೃತ್ತಿಜೀವನದ ನಡುವೆ ಹಿನ್ನಡೆ ಕಂಡು ಮತ್ತೆ ಮೇಲೆದ್ದವರು.

ಹೆಪ್‌ಬರ್ನ್: ಆರಂಭಿಕ ಜೀವನ ಮತ್ತು ಚಿತ್ರರಂಗ

ಹೆಪ್‌ಬರ್ನ್ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಜನಿಸಿದರು. ತಂದೆ ವೈದ್ಯರು, ತಾಯಿ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವರು. ಬಾಲ್ಯದಿಂದಲೇ ಈಜು, ಟೆನಿಸ್ ಮತ್ತು ಗಾಲ್ಫ್ ಆಟಗಳಲ್ಲಿ ಅವರಿಗೆ ಪರಿಶ್ರಮವಿತ್ತು. 1928ರಲ್ಲಿ ಬ್ರಿನ್ ಮಾರ್ ಕಾಲೇಜಿನಿಂದ ಪದವಿ ಪಡೆದ ನಂತರ ರಂಗಭೂಮಿಯನ್ನು ಪ್ರವೇಶಿಸಿದರು. ಅವರ ಮೊದಲ ಚಿತ್ರ 'ಎ ಬಿಲ್ ಆಫ್ ಡೈವೋರ್ಸ್‌ಮೆಂಟ್' 1932ರಲ್ಲಿ ಬಿಡುಗಡೆಯಾಯಿತು. ಮರುವರ್ಷದ 'ಮಾರ್ನಿಂಗ್ ಗ್ಲೋರಿ' ಚಿತ್ರದ ಅಭಿನಯಕ್ಕಾಗಿ ಅವರು ಮೊದಲ ಆಸ್ಕರ್ ಪ್ರಶಸ್ತಿಗೆ ಪಾತ್ರರಾದರು.

ಅನಂತರದ ಹಲವು ಚಿತ್ರಗಳು ಸೋತವು. 1938ರಲ್ಲಿ ಚಿತ್ರಮಂದಿರಗಳ ಮಾಲೀಕರು ಪ್ರಕಟಿಸಿದ ಪಟ್ಟಿಯೊಂದರಲ್ಲಿ ಅವರನ್ನು 'ಗಲ್ಲಾಪೆಟ್ಟಿಗೆಗೆ ವಿಷ' ಎಂದು ಹೆಸರಿಸಲಾಯಿತು. ಅವರು ಆರ್‌ಕೆಒ ಸಂಸ್ಥೆಯೊಂದಿಗಿನ ಒಪ್ಪಂದದಿಂದ ಹಣ ತೆತ್ತು ಬಿಡುಗಡೆ ಪಡೆದರು. 1939ರಲ್ಲಿ 'ದಿ ಫಿಲಡೆಲ್ಫಿಯಾ ಸ್ಟೋರಿ' ನಾಟಕದಲ್ಲಿ ಅಭಿನಯಿಸಿ ಗೆದ್ದರು. ಆ ನಾಟಕದ ಚಿತ್ರೀಕರಣದ ಹಕ್ಕು ಅವರ ಕೈಯಲ್ಲಿದ್ದುದರಿಂದ, 1940ರ ಚಿತ್ರದ ನಾಯಕಿಯೂ ಅವರೇ ಆದರು. ಮಾರುಕಟ್ಟೆ ಕೈಬಿಟ್ಟ ನಟಿಯೊಬ್ಬರು ತಮ್ಮ ಷರತ್ತಿನ ಮೇಲೆ ಮರಳಿ ಬಂದದ್ದು ಅಂದಿನ ಹಾಲಿವುಡ್‌ನಲ್ಲಿ ಅಪರೂಪದ ಸಂಗತಿ. ಮುಂದೆ ಸ್ಪೆನ್ಸರ್ ಟ್ರೇಸಿ ಅವರೊಂದಿಗೆ ಒಂಬತ್ತು ಚಿತ್ರಗಳಲ್ಲಿ ನಟಿಸಿದರು. ಒಟ್ಟು ನಾಲ್ಕು ಬಾರಿ ಅತ್ಯುತ್ತಮ ನಟಿ ಆಸ್ಕರ್ ಪಡೆದರು. ಕೊನೆಯದು 1981ರ 'ಆನ್ ಗೋಲ್ಡನ್ ಪಾಂಡ್' ಚಿತ್ರಕ್ಕೆ.

ಜಹರಿಯಾಸ್: ಒಲಿಂಪಿಕ್ಸ್‌ನಿಂದ ಗಾಲ್ಫ್‌ಗೆ

ಜಹರಿಯಾಸ್ ಅವರ ಜನ್ಮನಾಮ ಮಿಲ್‌ಡ್ರೆಡ್ ಎಲಾ ಡಿಡ್ರಿಕ್‌ಸನ್. ಟೆಕ್ಸಾಸ್‌ನ ಪೋರ್ಟ್ ಆರ್ಥರ್‌ನಲ್ಲಿ, ನಾರ್ವೆಯಿಂದ ವಲಸೆ ಬಂದ ಶ್ರಮಜೀವಿ ಕುಟುಂಬದಲ್ಲಿ ಹುಟ್ಟಿದರು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 80 ಮೀಟರ್ ಹರ್ಡಲ್ಸ್ ಮತ್ತು ಜಾವೆಲಿನ್ ಎಸೆತಗಳಲ್ಲಿ ಚಿನ್ನ, ಎತ್ತರ ಜಿಗಿತದಲ್ಲಿ ಬೆಳ್ಳಿ ಪದಕ ಗಳಿಸಿದರು.

ಅಂದು ಮಹಿಳೆಯರಿಗೆ ಕ್ರೀಡೆಯಿಂದ ಜೀವನೋಪಾಯ ಸಾಧ್ಯವಾಗುವ ಮಾರ್ಗಗಳು ವಿರಳವಾಗಿದ್ದವು. ಪ್ರದರ್ಶನ ಪಂದ್ಯಗಳಲ್ಲಿ ಆಡಿ ಹಣ ಸಂಪಾದಿಸುತ್ತಲೇ ಅವರು ಗಾಲ್ಫ್ ಕಲಿತರು. ಆದರೆ 1935ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಅವರನ್ನು ವೃತ್ತಿಪರರೆಂದು ಘೋಷಿಸಿ ಹವ್ಯಾಸಿ ಸ್ಪರ್ಧೆಗಳಿಂದ ಹೊರಗಿಟ್ಟಿತು. 1938ರಲ್ಲಿ ಪುರುಷರ ಲಾಸ್ ಏಂಜಲೀಸ್ ಓಪನ್‌ನಲ್ಲಿ ಆಡಿದಾಗ ಜೊತೆ ಆಟಗಾರರಾಗಿದ್ದ ಕುಸ್ತಿಪಟು ಜಾರ್ಜ್ ಜಹರಿಯಾಸ್ ಅವರನ್ನು ಅದೇ ವರ್ಷ ವಿವಾಹವಾದರು. ಹವ್ಯಾಸಿ ಸ್ಥಾನ ಮರಳಿ ದೊರೆತ ಬಳಿಕ, 1947ರಲ್ಲಿ ಬ್ರಿಟಿಷ್ ಮಹಿಳಾ ಹವ್ಯಾಸಿ ಚಾಂಪಿಯನ್‌ಷಿಪ್ ಗೆದ್ದ ಮೊದಲ ಅಮೆರಿಕನ್ ಎನಿಸಿದರು. ಅದೇ ವರ್ಷ ವೃತ್ತಿಪರ ಕ್ಷೇತ್ರಕ್ಕೆ ಮರಳಿದರು. 1950ರಲ್ಲಿ ಸ್ಥಾಪನೆಯಾದ ಮಹಿಳಾ ವೃತ್ತಿಪರ ಗಾಲ್ಫ್ ಸಂಸ್ಥೆಯಾದ ಎಲ್‌ಪಿಜಿಎಯ 13 ಸಂಸ್ಥಾಪಕಿಯರಲ್ಲಿ ಅವರೂ ಒಬ್ಬರು. ಬೆಂಗಳೂರಿನ ಅದಿತಿ ಅಶೋಕ್ ಇಂದು ಆಡುತ್ತಿರುವುದು ಇದೇ ಸಂಸ್ಥೆಯ ಪಂದ್ಯಸರಣಿಯಲ್ಲಿ.

'ಪ್ಯಾಟ್ ಆ್ಯಂಡ್ ಮೈಕ್'

ಜಾರ್ಜ್ ಕ್ಯೂಕರ್ ನಿರ್ದೇಶಿಸಿದ ಈ ಹಾಸ್ಯಚಿತ್ರಕ್ಕೆ ರೂತ್ ಗಾರ್ಡನ್ ಮತ್ತು ಗಾರ್ಸನ್ ಕೇನಿನ್ ದಂಪತಿ ಕಥೆ, ಚಿತ್ರಕಥೆ ರಚಿಸಿದರು. ಕಾಲೇಜಿನ ದೈಹಿಕ ಶಿಕ್ಷಕಿ ಪ್ಯಾಟ್ ಪಾತ್ರದಲ್ಲಿ ಹೆಪ್‌ಬರ್ನ್, ಕ್ರೀಡಾ ವ್ಯವಸ್ಥಾಪಕ ಮೈಕ್ ಪಾತ್ರದಲ್ಲಿ ಟ್ರೇಸಿ ನಟಿಸಿದ್ದಾರೆ. ಸಮರ್ಥ ಆಟಗಾರ್ತಿಯಾದ ಪ್ಯಾಟ್, ತನ್ನ ಭಾವೀ ಪತಿ ನೋಡುತ್ತಿದ್ದರೆ ಮಾತ್ರ ಧೈರ್ಯಗೆಡುತ್ತಾಳೆ. ಕ್ರೀಡಾದೃಶ್ಯಗಳಲ್ಲಿ ಹೆಪ್‌ಬರ್ನ್ ತಾವೇ ಆಡಿರುವುದು ಚಿತ್ರದ ವೈಶಿಷ್ಟ್ಯ. ಜಹರಿಯಾಸ್ ತಮ್ಮದೇ ಹೆಸರಿನಲ್ಲಿ ಎದುರಾಳಿಯಾಗಿ ಕಾಣಿಸಿಕೊಂಡಿದ್ದಾರೆ.

ಕೊನೆಯ ವರ್ಷಗಳು

1953ರಲ್ಲಿ ಜಹರಿಯಾಸ್ ಅವರಿಗೆ ಕರುಳಿನ ಕ್ಯಾನ್ಸರ್ ಇರುವುದು ಪತ್ತೆಯಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಮರುವರ್ಷವೇ ಅವರು ಅಮೆರಿಕದ ಮಹಿಳಾ ಓಪನ್ ಪಂದ್ಯವನ್ನು 12 ಹೊಡೆತಗಳ ಅಂತರದಿಂದ ಮೂರನೆಯ ಬಾರಿ ಗೆದ್ದರು. ರೋಗವನ್ನು ಬಾಯಿಬಿಟ್ಟು ಹೇಳಲು ಜನ ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ಅದರ ಬಗ್ಗೆ ಬಹಿರಂಗವಾಗಿ ಮಾತನಾಡಿದರು. ಚಿಕಿತ್ಸಾ ನಿಧಿ ಸಂಗ್ರಹಕ್ಕೂ ನೆರವಾದರು. ರೋಗ ಮರುಕಳಿಸಿ, 1956ರಲ್ಲಿ 45ನೆಯ ವಯಸ್ಸಿನಲ್ಲಿ ನಿಧನರಾದರು. ಹತ್ತು ಪ್ರಮುಖ ಪ್ರಶಸ್ತಿಗಳು ಅವರ ಹೆಸರಿನಲ್ಲಿವೆ.

ಹೆಪ್‌ಬರ್ನ್ ಮತ್ತೆ ನಾಲ್ಕು ದಶಕಗಳ ಕಾಲ ಅಭಿನಯಿಸಿ, 96ನೆಯ ವಯಸ್ಸಿನಲ್ಲಿ ಕನೆಕ್ಟಿಕಟ್‌ನ ತಮ್ಮ ಮನೆಯಲ್ಲಿ ನಿಧನರಾದರು. 1999ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಶ್ರೇಷ್ಠ ನಟಿಯರ ಪಟ್ಟಿಯಲ್ಲಿ ಅವರಿಗೆ ಮೊದಲ ಸ್ಥಾನ ನೀಡಿತು.