ನೇಗಿಲಿಗೆ ಜಪ್ತಿ ಇಲ್ಲ

 ಸಂಘದ ಬೆಳ್ಳಿ ಹಬ್ಬದ ಹೊತ್ತಿನಲ್ಲಿ ಸಾಲ, ಜಪ್ತಿ, ದಿವಾಳಿಯ ಮಾತು ಯಾಕೆ ಅಂತ ಕೆಲವರು ಕೇಳಬಹುದು. ಸಹಕಾರ ಸಂಘ ಹುಟ್ಟಿದ್ದೇ ಸಾಲದ ಸಂಕಟದಿಂದ. ಕೋರ್ಟಿನ ಅಮೀನ ಬಂದ ಅಂದರೆ ಎಲ್ಲಾ ಹೋಯಿತು ಎಂದು ಎದೆ ಒಡೆದುಕೊಳ್ಳುವವರು ಇಂದಿಗೂ ಇದ್ದಾರೆ. ಎಲ್ಲಾ ಹೋಗುವುದಿಲ್ಲ. ಅದು ಹೇಗೆ ಎಂಬುದಕ್ಕೆ ದೊಡ್ಡ ಇತಿಹಾಸವಿದೆ.

ಬ್ರಿಟಿಷರ ಕಾಲದಲ್ಲಿ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು. ಅದೇ ಪ್ರಾಂತದ ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ 1875ರ ಮೇ 12ರಂದು ರೈತರು ಸಾವಕಾರರ ಅಂಗಡಿ ಮನೆಗಳಿಗೆ ನುಗ್ಗಿದರು. ಅವರಿಗೆ ಮುಖ್ಯವಾಗಿ ಬೇಕಾಗಿದ್ದು ಸಾಲದ ಕಾಗದ ಪತ್ರ. ಸಿಕ್ಕ ಪತ್ರಗಳನ್ನು ಸುಟ್ಟರು. ಗಲಾಟೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಇದಕ್ಕೆ ದಖ್ಖನ್ ದಂಗೆ ಅಂತ ಹೆಸರು. ಸರಕಾರ ಆಯೋಗ ನೇಮಿಸಿ, 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ತಂದಿತು. ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಲ್ಲಿ ಹಣದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕುವುದು ನಿಂತಿತು. ಅಡವು ಬರೆದುಕೊಡದ ಜಮೀನನ್ನು ಜಪ್ತಿ ಮಾಡುವುದೂ ನಿಂತಿತು.

ಮುಂದೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಯಾವುದನ್ನು ಜಪ್ತಿ ಮಾಡಬಾರದು ಎಂಬ ಪಟ್ಟಿ ಬಂತು. ಅದು ಈಗಲೂ ಜಾರಿಯಲ್ಲಿದೆ. ಸಾಲಗಾರನ ಮತ್ತು ಹೆಂಡತಿ ಮಕ್ಕಳ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ. ಹೆಣ್ಣುಮಗಳು ಧರ್ಮದ ಪ್ರಕಾರ ಮೈಮೇಲಿಂದ ತೆಗೆಯಬಾರದ ಒಡವೆ. ಬಡಿಗ, ಕಮ್ಮಾರರಂಥ ಕಸಬುದಾರರ ಸಲಕರಣೆ. ರೈತನ ನೇಗಿಲು ಮೊದಲಾದ ಬೇಸಾಯದ ಸಾಮಾನು. ಬದುಕಿಗೆ ಬೇಕೇ ಬೇಕೆಂದು ಕೋರ್ಟು ಒಪ್ಪಿದಷ್ಟು ದನಕರು, ಬಿತ್ತನೆ ಬೀಜ. ರೈತ ಅಥವಾ ಕೂಲಿಕಾರ ತಾನೇ ವಾಸಿಸುವ ಸ್ವಂತ ಮನೆ. ಇವನ್ನೆಲ್ಲ ಮುಟ್ಟುವಂತಿಲ್ಲ.

ಕೂಲಿ ಹಣಕ್ಕೂ, ಭವಿಷ್ಯ ನಿಧಿಗೂ, ಜೀವ ವಿಮೆಯ ಹಣಕ್ಕೂ ಈ ರಕ್ಷಣೆ ಇದೆ. ನೌಕರಿ ಮಾಡುವ ಮಗನ ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಅವನಿಗೇ. ಅಂದರೆ 10,000 ರೂಪಾಯಿ ಸಂಬಳವಿದ್ದರೆ 7,000ಕ್ಕೆ ಕೈ ಹಾಕುವಂತಿಲ್ಲ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಗೆ ಮಾತ್ರ ಲೆಕ್ಕ ಬೇರೆ.

ಈ ಪಟ್ಟಿಯ ಹಿಂದಿನ ನ್ಯಾಯ ನಮಗೆಲ್ಲ ತಿಳಿಯುವಂಥದೇ. ಎತ್ತು ಹೋದ ಮೇಲೆ ಬಿತ್ತುವುದು ಹೇಗೆ? ಬಿತ್ತದವನು ಸಾಲ ತೀರಿಸುವುದು ಹೇಗೆ? ದುಡಿಯುವ ಕೈ ಉಳಿದರೆ ಸಾಲ ಕೊಟ್ಟವನಿಗೂ ಲಾಭವೇ.

ಒಂದು ಮಾತು ಎಲ್ಲರೂ ನೆನಪಿಡಬೇಕು. "ಈ ರಕ್ಷಣೆ ನನಗೆ ಬೇಡ" ಅಂತ ಸಾಲ ಕೊಡುವವನು ಮೊದಲೇ ಸಹಿ ಹಾಕಿಸಿಕೊಂಡರೆ? 1976ರ ತಿದ್ದುಪಡಿ ಪ್ರಕಾರ ಅಂಥ ಕರಾರು ಊರ್ಜಿತವಲ್ಲ. ಹೆಬ್ಬೆಟ್ಟು ಒತ್ತಿದರೂ ಹಕ್ಕು ಹೋಗುವುದಿಲ್ಲ. ಆದರೆ ಹೊಲ ಈ ಪಟ್ಟಿಯಲ್ಲಿಲ್ಲ ಎಂಬುದನ್ನೂ ಮರೆಯಬಾರದು. ಹೊಲ ಅಡವಿಟ್ಟು ಸಾಲ ತರುವ ಮುಂಚೆ ಹತ್ತು ಸಲ ಯೋಚಿಸಬೇಕು.

ಪೂರಾ ಕೈ ಸೋತವನನ್ನು ನಾವು 'ಪಾಪರ್ ಚೀಟಿ ತಗೊಂಡ' ಅಂತ ಹಾಸ್ಯ ಮಾಡುತ್ತೇವೆ. ಹಾಸ್ಯ ಮಾಡಬಾರದು. 1920ರ ಪ್ರಾಂತೀಯ ದಿವಾಳಿ ಕಾಯ್ದೆಯಲ್ಲಿ ಸಾಲಗಾರನ ಆಸ್ತಿ ಕೋರ್ಟಿನ ವಶಕ್ಕೆ ಹೋದರೂ 60ನೇ ಕಲಮಿನ ವಸ್ತುಗಳು ಅವನಲ್ಲೇ ಉಳಿಯುತ್ತವೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿತು. ಅದರ ವ್ಯಕ್ತಿಗಳ ಭಾಗ 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗಷ್ಟೇ ಜಾರಿಯಾಯಿತು. ನಮ್ಮಂಥವರಿಗೆ ಹಳೆಯ ಕಾಯ್ದೆಯೇ.

ಕಾಯ್ದೆ ಇದ್ದದ್ದನ್ನು ಉಳಿಸಿತು, ಆದರೆ ಹೊಸ ಬೀಜಕ್ಕೆ ಹಣ ಕೊಡಲಿಲ್ಲ. ಆ ಕೆಲಸ ಮಾಡಿದ್ದು ಸಹಕಾರ ಚಳವಳಿ. 1904ರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಈ ಹೆಮ್ಮೆ ನಮ್ಮ ನಾಡಿನದು.

1912ರ ಸಹಕಾರ ಕಾಯ್ದೆಯ 21ನೇ ಕಲಮಿನಲ್ಲಿ ಇನ್ನೊಂದು ರಕ್ಷಣೆ ಸೇರಿತು. ಸದಸ್ಯನ ಷೇರು ಹಣವನ್ನು ಹೊರಗಿನ ಸಾಲಕ್ಕೆ ಯಾವ ಕೋರ್ಟೂ ಜಪ್ತಿ ಮಾಡುವಂತಿಲ್ಲ. ದಿವಾಳಿ ಕೋರ್ಟಿನ ರಿಸೀವರನಿಗೂ ಅದರ ಮೇಲೆ ಹಕ್ಕಿಲ್ಲ. ನಮ್ಮ ರಾಜ್ಯದ 1959ರ ಕಾಯ್ದೆಯೂ ಷೇರಿಗೆ ಈ ಕಾವಲು ಇಟ್ಟಿದೆ. ಆದರೆ ಸಂಘಕ್ಕೇ ಬಾಕಿ ಇದ್ದರೆ ಸಂಘ ಅದೇ ಷೇರಿನಿಂದ ಮುರಿದುಕೊಳ್ಳಬಹುದು. ಇದು ಸರಿಯೇ, ಸಂಘದ ಹಣ ನೂರಾರು ಮನೆಗಳ ಹಣ.

ಆದ್ದರಿಂದ ನಿರ್ದೇಶಕರಾಗಿ ನಮ್ಮ ವಿನಂತಿ ಎರಡು. ಸಾಲವನ್ನು ವಾಯಿದೆಗೆ ಸರಿಯಾಗಿ ಕಟ್ಟಿರಿ. ಮುಂದಿನವನ ಬೀಜ ಗೊಬ್ಬರ ಅದರಲ್ಲಿದೆ. ಮಳೆ ಕೈಕೊಟ್ಟು ಕಟ್ಟಲಾಗದಿದ್ದರೆ ಬಾಗಿಲು ಹಾಕಿಕೊಂಡು ಕೂರಬೇಡಿರಿ, ಸಂಘಕ್ಕೆ ಬಂದು ಹೇಳಿರಿ. ಯಾವ ಸಾಲವೂ ಜೀವಕ್ಕಿಂತ ದೊಡ್ಡದಲ್ಲ. ಮನೆ, ನೇಗಿಲು, ಬೀಜ ನಿಮ್ಮಲ್ಲೇ ಉಳಿಯಲಿ ಎಂದು ಕಾಯ್ದೆಯೇ ಹೇಳಿರುವಾಗ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು.

ಜೈ ಸಹಕಾರ.