ಗೋಲ್ ಗುಂಬಜಿನಿಂದ ಮಕ್ಕಾ ದರ್ವಾಜಾದವರೆಗೆ

ಮದ್ರಸಾದಲ್ಲಿ ಓದುತ್ತಿದ್ದ ಕಾಲದಲ್ಲಿ ನಾವು ಮೊದಲ ಸಲ ವಿಜಯಪುರ ನೋಡಿದ್ದು. ಬಸ್ಸು ಗೋಲ್ ಗುಂಬಜಿನ ಎದುರು ನಿಂತಿತು. ಓಡುತ್ತಾ ಮೆಟ್ಟಿಲು ಹತ್ತಿ, ಮೇಲೆ ಒಬ್ಬರ ಹೆಸರನ್ನು ಒಬ್ಬರು ಕೂಗಿದೆವು. ಇಬ್ರಾಹಿಂ ರೋಜಾದಲ್ಲಿ ಬುತ್ತಿ ಬಿಚ್ಚಿದೆವು. ಒಂದು ದರ್ಗಾದಲ್ಲಿ ಫಾತಿಹಾ ಓದಿ ಸಂಜೆಗೆ ಬಸ್ಸು ಹತ್ತಿದೆವು. ಏನು ನೋಡಿ ಬಂದೆ ಎಂದು ಮನೆಯಲ್ಲಿ ತಂದೆಯವರು ಕೇಳಿದಾಗ, ಕೂಗಿದರೆ ಏಳು ಸಲ ಕೇಳಿಸುತ್ತದೆ ಎಂಬುದೊಂದನ್ನು ಬಿಟ್ಟು ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. ಅವರು ನಕ್ಕು ಸುಮ್ಮನಾದರು. ಆ ನಗು ನಮಗೆ ಇಂದಿಗೂ ನೆನಪಿದೆ.

ಅದಕ್ಕೇ ಕಳೆದ ಚಳಿಗಾಲದಲ್ಲಿ ಕೆರೂರಿನ ನಮ್ಮ ಜಮಾಅತಿನ ಹುಡುಗರನ್ನು ಕರೆದೊಯ್ಯುವಾಗ ಒಂದು ಷರತ್ತು ಹಾಕಿದೆವು: ಊರೊಳಗೆ ನಡೆಯಬೇಕು, ಊರಾಚೆ ಸೈಕಲ್ ತುಳಿಯಬೇಕು. ಹದಿನಾಲ್ಕು ಹುಡುಗರು, ಮೂವರು ಹಿರಿಯರು, ಟೆಂಪೋ ಮೇಲೆ ಹಗ್ಗ ಬಿಗಿದ ಆರು ಸೈಕಲ್‌ಗಳು. ಫಜರ್ ಮುಗಿಸಿ ಹೊರಟೆವು. ಕೊಲ್ಹಾರದ ಸೇತುವೆಯ ಮೇಲೆ ಕೃಷ್ಣೆ ಸಮುದ್ರದಂತೆ ಕಂಡಳು. ಅಲ್ಲಿಂದಾಚೆ ಎರಡೂ ಬದಿಗೆ ಬಿಳಿಜೋಳದ ಹೊಲ.

ಒಂದು ಮಾತು ಸ್ಪಷ್ಟವಿರಲಿ. ಮಕ್ಕಾ, ಮದೀನಾ, ಬೈತುಲ್ ಮಕ್ದಿಸ್‌ನ ಮೂರು ಮಸೀದಿಗಳಿಗೆ ಇರುವ ಯಾತ್ರೆಯ ಸ್ಥಾನ ಬೇರೆ ಯಾವ ಊರಿಗೂ ಇಲ್ಲ. ನಾವು ಹೋದದ್ದು ಪಾಠ ಕಲಿಯಲಿಕ್ಕೆ. ಭೂಮಿಯ ಮೇಲೆ ಸಂಚರಿಸಿ ಹಿಂದಿನವರ ಗತಿ ಏನಾಯಿತೆಂದು ನೋಡಲು ಕುರ್‌ಆನ್ ಮತ್ತೆ ಮತ್ತೆ ಕರೆಯುತ್ತದೆ. ಗೋರಿಗಳ ಭೇಟಿ ಪರಲೋಕವನ್ನು ನೆನಪಿಸುತ್ತದೆಂದು ಹದೀಸಿನಲ್ಲಿದೆ. ಪ್ರವಾದಿ(ಸ)ರು ಶನಿವಾರಗಳಂದು ಕುಬಾ ಮಸೀದಿಗೆ ಕೆಲವೊಮ್ಮೆ ನಡೆದು, ಕೆಲವೊಮ್ಮೆ ಸವಾರಿಯಲ್ಲಿ ಹೋಗುತ್ತಿದ್ದರೆಂದು ಹ. ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ನಡಿಗೆಯೂ ಸರಿ, ಸವಾರಿಯೂ ಸರಿ. ಇದನ್ನು ಹೇಳಿದಾಗ ಹುಡುಗರು ಸೈಕಲ್ ಕಡೆ ನೋಡಿ ಖುಷಿಪಟ್ಟರು.

ವಿಜಯಪುರದ ಹಳೆಯ ಊರು ಪೂರ್ವದಿಂದ ಪಶ್ಚಿಮಕ್ಕೆ ನಡೆಯಲು ಹೇಳಿ ಮಾಡಿಸಿದಂತಿದೆ. ಪೂರ್ವದಲ್ಲಿ ಗೋಲ್ ಗುಂಬಜ್, ಪಶ್ಚಿಮದಲ್ಲಿ ಮಕ್ಕಾ ದರ್ವಾಜಾ. ನಡುವೆ ಜಾಮಿಯಾ ಮಸೀದಿ, ಮೆಹತರ್ ಮಹಲ್, ಆಸಾರ್ ಮಹಲ್, ಗಗನ್ ಮಹಲ್, ಬಾರಾ ಕಮಾನ್, ಉಪ್ಪಲಿ ಬುರುಜ್, ಮಲಿಕ್-ಎ-ಮೈದಾನ್ ತೋಪು. ಮಕ್ಕಳು ಮುದುಕರೆನ್ನದೆ ಎಲ್ಲರೂ ಅರ್ಧ ದಿನದಲ್ಲಿ ಮುಗಿಸಬಹುದು. ಕಾಲು ಸೋತವರಿಗೆ ಟಾಂಗಾ ಇದ್ದೇ ಇದೆ. ಬೇಸಿಗೆಯಲ್ಲಿ ಮಾತ್ರ ಈ ಸಾಹಸ ಬೇಡ, ಹತ್ತು ಗಂಟೆಗೇ ಕಲ್ಲು ಕಾಯುತ್ತದೆ.

ಗೋಲ್ ಗುಂಬಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹ್ ತನಗಾಗಿ ಕಟ್ಟಿಸಿದ ಗೋರಿ ಅದು. ಹುಡುಗರು ಕೂಗಿದರು, ನಾವು ತಡೆಯಲಿಲ್ಲ.

ಜಾಮಿಯಾ ಮಸೀದಿಯಲ್ಲಿ ಎರಡು ರಕಅತ್ ನಮಾಝ್ ಮಾಡಿ ಕುಳಿತಾಗ ಒಬ್ಬ ಹುಡುಗ ಕೇಳಿದ: “ಹಜರತ್ರೀ, ಇವ್ರೊಳಗ ನಮ್ಮ ರಾಜಾ ಯಾರ್ರೀ?” ಉತ್ತರವನ್ನು ನೆಲದಲ್ಲೇ ತೋರಿಸಿದೆವು. ಈ ಮಸೀದಿಯ ಕೆಲಸ ಶುರು ಮಾಡಿಸಿದವರು ಒಂದನೇ ಅಲಿ ಆದಿಲ್ ಶಾಹ್, 1565ರ ತಾಳಿಕೋಟೆ ಯುದ್ಧದ ನಂತರ. ಮಿಹ್ರಾಬಿಗೆ ಬಂಗಾರದ ಬಣ್ಣದ ಅಲಂಕಾರ ಬಂದದ್ದು ಮುಹಮ್ಮದ್ ಆದಿಲ್ ಶಾಹ್ ಕಾಲದಲ್ಲಿ, 1636ರಲ್ಲಿ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಗೆರೆ ಎಳೆದ 2,250 ನಮಾಝಿನ ಜಾಗಗಳು ಔರಂಗಜೇಬನ ಕಾಲದವು. ಔರಂಗಜೇಬ್ ಇಲ್ಲಿಗೆ ಅತಿಥಿಯಾಗಿ ಬರಲಿಲ್ಲ. ಒಂದು ವರ್ಷಕ್ಕೂ ಮಿಕ್ಕಿ ಮುತ್ತಿಗೆ ಹಾಕಿ, 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಆದಿಲ್ ಶಾಹ್‌ನಿಂದ ಊರನ್ನು ಗೆದ್ದುಕೊಂಡ. ದಕ್ಷಿಣದ ಮನಗೂಳಿ ದರ್ವಾಜಾಕ್ಕೆ ಆಮೇಲೆ ಫತೇಹ್ ದರ್ವಾಜಾ ಎಂಬ ಹೆಸರು ಬಂತು. ಸೋತವನೂ ಗೆದ್ದವನೂ ಒಂದೇ ಕಿಬ್ಲಾದ ಕಡೆಗೆ ನಿಲ್ಲುವವರು. ರಾಜರ ಜಗಳ ದೀನಿನ ಜಗಳವೆಂದು ತಿಳಿದು ಎದೆಯುಬ್ಬಿಸುವವರೂ, ಅದೇ ನೆಪದಲ್ಲಿ ಇಂದಿನವರನ್ನು ದೂರುವವರೂ ಈ ನೆಲದ ಮೇಲೆ ಒಮ್ಮೆ ಕುಳಿತು ಬರಲಿ. ಹುಡುಗ ಮತ್ತೆ ಕೇಳಲಿಲ್ಲ. ಒಪ್ಪಿದನೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ರಸ್ತೆ ಬದಿಗೆ ಒಂದು ಎತ್ತರದ ಕಲ್ಲಿನ ಕಂಬ, ಒಂಟಿಯಾಗಿ. ಟೆಂಪೋದಲ್ಲಿ ಕುಳಿತಿದ್ದರೆ ಯಾರೂ ನೋಡುತ್ತಿರಲಿಲ್ಲ. “ಇದರ ಮ್ಯಾಲ ಗುಮ್ಮಟಾ ಇಲ್ಲ, ಒಳಗ ಗೋರಿ ಇಲ್ಲ, ಯಾಕ ಕಟ್ಯಾರ್ರೀ?” ಇದಕ್ಕೆ ಗಂಜ್ ಎನ್ನುತ್ತಾರೆ. ಊರಿನ ದಕ್ಷಿಣಕ್ಕೆ 1651ರಲ್ಲಿ ಮುಹಮ್ಮದ್ ಆದಿಲ್ ಶಾಹ್ ಬೇಗಂ ತಲಾಬ್ ಕಟ್ಟಿಸಿದರು. ಅಲ್ಲಿನ ನೀರು ನೆಲದಡಿ ಹೂಳಿದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ಬರುತ್ತಿತ್ತು. ಕೆಲವೆಡೆ ಹದಿನೈದು ಅಡಿ ಆಳ, ಕೆಲವೆಡೆ ಐವತ್ತು. ಕೊಳವೆಯ ಸುತ್ತ ಗಾರೆಯ ಕಟ್ಟಡ. ನೀರಿನ ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಒಡೆಯುತ್ತದಲ್ಲ, ಅದಕ್ಕೆ ದಾರಿಯುದ್ದಕ್ಕೂ ಇಪ್ಪತ್ತೈದರಿಂದ ನಲವತ್ತು ಅಡಿ ಎತ್ತರದ ಈ ಗಂಜ್‌ಗಳು. ನೀರು ಇವುಗಳಲ್ಲಿ ಮೇಲಕ್ಕೇರಿ ಒತ್ತಡ ತಗ್ಗುತ್ತಿತ್ತು, ಕೆಸರು ತಳದಲ್ಲಿ ನಿಲ್ಲುತ್ತಿತ್ತು. ಇದಕ್ಕೂ ಮೊದಲು ಒಂದನೇ ಅಲಿಯ ಕಾಲದಲ್ಲಿ ಪಶ್ಚಿಮದ ತೊರವಿಯಿಂದ ಸುರಂಗ ಕೊರೆದು ನೀರು ತಂದಿದ್ದರು. ಬರದ ನಾಡಿನಲ್ಲಿ ಅಷ್ಟು ದೊಡ್ಡ ರಾಜಧಾನಿ ನಿಂತದ್ದು ಈ ನೀರಿನ ಮೇಲೆ. ಬಿಂದಿಗೆ ಹಿಡಿದು ನಳದ ಮುಂದೆ ಸಾಲು ನಿಂತು ಬಲ್ಲ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅಲ್ಲಿಂದ ಮುಂದೆ ಗಂಜ್ ಹುಡುಕುವುದೇ ಅವರ ಆಟವಾಯಿತು.

ಮಕ್ಕಾ ದರ್ವಾಜಾದ ಹತ್ತಿರವೇ ತಾಜ್ ಬಾವಡಿ. 1620ರಲ್ಲಿ ಎರಡನೇ ಇಬ್ರಾಹಿಮರ ರಾಣಿ ತಾಜ್ ಸುಲ್ತಾನಾ ಹೆಸರಿನಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು. ಒಂದೊಂದು ಬದಿ ಇನ್ನೂರು ಅಡಿಗೂ ಹೆಚ್ಚು, ಆಳ ಐವತ್ತು ಅಡಿ. ಬಾಗಿಲಿಗೆ ಭಾರೀ ಕಮಾನು, ಅಕ್ಕಪಕ್ಕ ದಾರಿಹೋಕರು ತಂಗಲು ಕೋಣೆಗಳು. ಪಶ್ಚಿಮದಿಂದ ಬಂದ ಪರಸ್ಥಳದವನಿಗೆ ಈ ಊರು ಮೊದಲು ಕೊಡುತ್ತಿದ್ದದ್ದು ನೀರು ಮತ್ತು ನೆರಳು. ಅವನ ಜಾತಿ ಧರ್ಮ ಕೇಳಿ ನೀರು ಕೊಡುವ ಬಾವಿ ಇದಲ್ಲ. ಮದೀನಾದಲ್ಲಿ ಹ. ಉಸ್ಮಾನ್(ರ) ರೂಮಾ ಬಾವಿಯನ್ನು ಹಣ ಕೊಟ್ಟು ಕೊಂಡು ಜನರಿಗೆ ಬಿಟ್ಟುಕೊಟ್ಟ ಕಥೆಯನ್ನು ನಾವು ಅದೆಷ್ಟೋ ಜುಮಾಗಳಲ್ಲಿ ಹೇಳಿದ್ದೇವೆ. ಆ ಮೆಟ್ಟಿಲ ಮೇಲೆ ನಿಂತು ಹೇಳಿದಾಗ ನಮಗೇ ಅದು ಹೊಸದಾಗಿ ಕೇಳಿಸಿತು. ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲಗಳು ಬಿದ್ದಿದ್ದವು. ಇಬ್ಬರು ಹುಡುಗರು ಹೇಳದೆಯೇ ಹೆಕ್ಕಿದರು. ಒಂದು ನಮ್ಮದೇ ಬಾಳೆಹಣ್ಣಿನ ಚೀಲವಾಗಿತ್ತು, ಅದನ್ನೂ ಬರೆದುಬಿಡುತ್ತೇವೆ.

ಝುಹರ್ ನಂತರ ಸೈಕಲ್‌ಗಳು ಕೆಳಗಿಳಿದವು. ನಾವೂ ಒಂದನ್ನು ಹತ್ತಿದೆವು. ಜುಬ್ಬಾದ ಅಂಚು ಚೈನಿಗೆ ಸಿಕ್ಕು ನಿಂತಾಗ ಹಿಂದಿನ ಟೆಂಪೋದಲ್ಲಿದ್ದವರೆಲ್ಲ ನಕ್ಕರು. ನಕ್ಕವರಿಗೆ ಆಮೇಲೆ ಸರದಿ ಬಂತು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರ ಮಟ್ಟದ ಸೈಕಲ್ ಪಟುಗಳಿಗೆ ಹೆಸರಾದವು, ನಮ್ಮ ವೇಗ ಅವರಿಗೆ ಅವಮಾನ. ತೊರವಿಯ ಬಳಿ ಎರಡನೇ ಇಬ್ರಾಹಿಂ 1599ರಲ್ಲಿ ನೌರಸಪುರವೆಂಬ ಹೊಸ ಊರು ಕಟ್ಟತೊಡಗಿದರು. ಸಂಗೀತ ಪ್ರಿಯ ಸುಲ್ತಾನ, ಜನ ಜಗದ್ಗುರು ಎನ್ನುತ್ತಿದ್ದರು. 1624ರಲ್ಲಿ ಮಲಿಕ್ ಅಂಬರ್‌ನ ದಂಡು ಅದನ್ನು ಹಾಳುಗೆಡವಿತು. ಈಗ ಸಂಗೀತ ಮಹಲಿನ ಮುರಿದ ಕಮಾನು, ಸುತ್ತ ಹೊಲ. ಕುಮಾರ ವಾಲ್ಮೀಕಿ ‘ತೊರವೆ ರಾಮಾಯಣ’ ಬರೆದದ್ದು ಇದೇ ಊರಿನ ನರಸಿಂಹ ದೇವರ ಹೆಸರಿನಲ್ಲಿ ಎಂದು ಬಿಎ ತರಗತಿಯಲ್ಲಿ ಓದಿದ್ದೆವು. ಊರನ್ನು ಕಣ್ಣಾರೆ ಕಂಡದ್ದು ಈಗ.

ಕೊನೆಗೆ ಶಾಹಪುರ ದಿಬ್ಬದ ಮೇಲೆ ಹ. ಅಮೀನುದ್ದೀನ್ ಆಲಾ ಅವರ ಬಿಳಿ ಗುಂಬಜ್. 1675ರಲ್ಲಿ ವಫಾತ್ ಆದವರು. ಅವರ ತಂದೆ ಹ. ಬುರ್ಹಾನುದ್ದೀನ್ ಜಾನಂ, ಅಜ್ಜ ಹ. ಮೀರಾಂಜಿ ಶಮ್ಸುಲ್ ಉಶ್ಶಾಕ್. ಈ ಮೂವರೂ ಅರಬಿ, ಫಾರ್ಸಿ ಬಲ್ಲ ವಿದ್ವಾಂಸರು. ಆದರೂ ಜನರಿಗಾಗಿ ಬರೆದದ್ದು ದಖನಿಯಲ್ಲಿ, ಅಂದರೆ ಇಂದಿಗೂ ನಮ್ಮ ಅಡುಗೆಮನೆಯಲ್ಲಿ ನಡೆಯುವ ಮಾತಿನಲ್ಲಿ. ದಖ್ಖನ್ನಿನ ಸೂಫಿಗಳ ಹೆಸರಿನಲ್ಲಿ ಚಕ್ಕಿನಾಮಾ ಎಂಬ ಹಾಡುಗಳಿವೆ. ಹೆಣ್ಣುಮಕ್ಕಳು ಬೀಸುವಾಗ ಹಾಡುವಂಥವು. ಬೀಸುಕಲ್ಲಿನ ಗೂಟ ಹಿಡಿದ ಕೈಗೆ ಅಲ್ಲಾಹನ ನೆನಪನ್ನು ಜೋಡಿಸುವ ಹಾಡು. ಮದ್ರಸಾದ ಮೆಟ್ಟಿಲು ಹತ್ತದ ಅಜ್ಜಿಯಂದಿರಿಗೆ ದೀನು ತಲುಪಿದ ದಾರಿಗಳಲ್ಲಿ ಇದೂ ಒಂದು. ನಮ್ಮ ಊರುಗಳಲ್ಲಿ ದೀನನ್ನು ಯಾರು ತಂದರು ಎಂದು ಕೇಳುವವರಿಗೆ ತೋಪಿನ ಬುರುಜಿಗಿಂತ ಮೊದಲು ಈ ದಿಬ್ಬವನ್ನು ತೋರಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಕೊಲ್ಹಾರದಲ್ಲಿ ಗಡಿಗೆ ಮೊಸರು ಕೊಂಡು ಇಶಾ ಹೊತ್ತಿಗೆ ಕೆರೂರು ಮುಟ್ಟಿದೆವು. ಎರಡು ದಿನ ಬಿಟ್ಟು ಒಬ್ಬ ಹುಡುಗ ನೋಟುಬುಕ್ ತಂದ. ಚಕ್ಕಿನಾಮಾದ ಮಾತು ಕೇಳಿ ಅವನ ದಾದಿಮಾ, ತಮ್ಮ ತಾಯಿ ಬೀಸುವಾಗ ಹಾಡುತ್ತಿದ್ದ ನಾಲ್ಕು ಸಾಲು ಹೇಳಿದ್ದರಂತೆ, ಐದನೆಯದು ನೆನಪಾಗುತ್ತಿಲ್ಲವಂತೆ. ಅವನು ಈಗ ಓಣಿಯ ಬೇರೆ ಅಜ್ಜಿಯರನ್ನು ಕೇಳುತ್ತಿದ್ದಾನೆ. ನಿಮ್ಮ ಮನೆಯ ಹಿರಿಯರಿಗೆ ನೆನಪಿದ್ದರೆ ಬರೆದು ಮಸೀದಿಗೆ ತಲುಪಿಸಿ. ಬರುವ ಚಳಿಗಾಲದಲ್ಲಿ ಮತ್ತೆ ಹೋಗುವವರಿದ್ದೇವೆ, ಈ ಸಲ ಬೇಗಂ ತಲಾಬ್‌ನಿಂದ ಗಂಜ್‌ಗಳ ಜಾಡು ಹಿಡಿದು. ಸೈಕಲ್ ತರುವವರು ಬ್ರೇಕ್ ನೋಡಿಸಿಕೊಂಡು ಬನ್ನಿ.